ನಂಬಿಕೆ ಯಾರದು, ಲೆಕ್ಕ ಯಾರದು?

ನಂಬಿಕೆ ಸತ್ತುಹೋಯಿತು ಎಂದು ಈಚೆಗೆ ದೊಡ್ಡವರೆಲ್ಲ ಅಳುತ್ತಿದ್ದಾರೆ. ಜನ ಸರ್ಕಾರವನ್ನು ನಂಬುವುದಿಲ್ಲವಂತೆ, ಪತ್ರಿಕೆಯನ್ನು ನಂಬುವುದಿಲ್ಲವಂತೆ, ಕಂಪನಿಗಳನ್ನಂತೂ ಸುತರಾಂ ನಂಬುವುದಿಲ್ಲವಂತೆ. ಇದು ಅಪನಂಬಿಕೆಯ ಯುಗವಂತೆ. ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ವ್ಯಾಪಾರ ನೀತಿ ಅಂತ ಒಂದು ಪಾಠವನ್ನೇ ಇಟ್ಟಿದ್ದಾರೆ. ಕಳೆದುಕೊಂಡ ನಂಬಿಕೆಯನ್ನು ಕಂಪನಿಗಳು ಮರಳಿ ಗಳಿಸುವುದು ಹೇಗೆ ಎಂದು ವಿಚಾರ ಸಂಕಿರಣಗಳು ನಡೆಯುತ್ತವೆ. ಮಧ್ಯಾಹ್ನ ಒಳ್ಳೆಯ ಊಟವೂ ಇರುತ್ತದೆ.

ನನ್ನ ಪ್ರಶ್ನೆ ಅವರ ಪ್ರಶ್ನೆಗಿಂತ ಹಿಂದಿನದು. ಕಳೆದುಹೋಯಿತು ಅಂತೀರಲ್ಲ ಸ್ವಾಮಿ, ಅದು ಇದ್ದದ್ದು ಯಾವಾಗ? ಯಾರು ಯಾರನ್ನು ನಂಬಿದ್ದರು? ಕೇರಿಯವರು ಊರನ್ನು ನಂಬಿ ಬದುಕಿದ್ದರು ಅಂತ ಯಾರಾದರೂ ಹೇಳಿದರೆ, ನಂಬದೆ ಬದುಕುವ ದಾರಿಯನ್ನು ಅವರಿಗೆ ಯಾರು ಬಿಟ್ಟಿದ್ದರು ಎಂದು ಕೇಳಬೇಕಾಗುತ್ತದೆ. ಬೇರೆ ದಾರಿಯಿಲ್ಲದವನು ಬಾಯಿ ಮುಚ್ಚಿಕೊಂಡು ಇರುವುದಕ್ಕೆ ನಂಬಿಕೆ ಎಂಬ ಹೆಸರು ಸಲ್ಲುತ್ತದೆಯೆ?

ಹಳ್ಳಿಯಲ್ಲಿ ಹುಟ್ಟಿದವರಿಗೆಲ್ಲ 'ನಂಬಿಕಸ್ತ' ಅನ್ನುವ ಮಾತು ಗೊತ್ತು. ಧಣಿಯನ್ನು ಯಾರೂ ನಂಬಿಕಸ್ತ ಅನ್ನುವುದಿಲ್ಲ. ಆ ಬಿರುದು ಆಳಿಗೆ ಮೀಸಲು. ಕೊಟ್ಟಿಗೆಯಲ್ಲಿ ದನದ ಪಕ್ಕ ಮಲಗಿ, ಸುಗ್ಗಿಯಲ್ಲಿ ರಾತ್ರಿಯೆಲ್ಲ ಕಣ ಕಾಯ್ದು, ಹೊಟ್ಟೆ ಹಸಿದಿದ್ದರೂ ರಾಶಿಯಿಂದ ಒಂದು ಹಿಡಿ ರಾಗಿ ಮುಟ್ಟದವನು ನಂಬಿಕಸ್ತ. ನಮ್ಮ ತಾತ ಅಂಥ ನಂಬಿಕಸ್ತ ಆಗಿದ್ದ. ಮದುವೆಗೆ ತಂದ ಸಾಲಕ್ಕೆ ಜೀತಕ್ಕೆ ನಿಂತವನು. ಎಷ್ಟು ತಂದ, ಬಡ್ಡಿ ಎಷ್ಟು ಬೆಳೆಯಿತು, ದುಡಿದದ್ದರಲ್ಲಿ ಎಷ್ಟು ವಜಾ ಆಯಿತು ಅನ್ನುವುದೆಲ್ಲ ಗೌಡರ ಪುಸ್ತಕದಲ್ಲಿತ್ತು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಹೋಗಿ ಆ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ, ಅಷ್ಟೆ. 'ಲೆಕ್ಕ ಒಸಿ ಹೇಳಿ ಬುದ್ಧೀ' ಅಂದರೆ 'ಯಾಕ್ಲಾ, ನಂಬ್ಕೆ ಇಲ್ವಾ?' ಅನ್ನುವ ಉತ್ತರ ಬರುತ್ತಿತ್ತಂತೆ. 1976ರಲ್ಲಿ ಜೀತ ರದ್ದಾಗುವ ಕಾಯಿದೆ ಬಂದಾಗಲೂ ಆ ಪುಸ್ತಕದಲ್ಲಿ ಏನಿತ್ತು ಎಂದು ನಮ್ಮ ಮನೆಯವರು ಯಾರೂ ನೋಡಲಿಲ್ಲ.

'ನಂಬಿಕೆ ಇಲ್ಲವೇ?' ಅನ್ನುವ ಈ ಎರಡು ಪದದ ಪ್ರಶ್ನೆಯನ್ನು ಗಮನಿಸಿ. ಲೆಕ್ಕ ಕೇಳಿದವನನ್ನೇ ಇದು ತಪ್ಪಿತಸ್ಥನನ್ನಾಗಿ ಮಾಡಿಬಿಡುತ್ತದೆ. ಲೆಕ್ಕ ಕೊಡಬೇಕಾದವನು ಕುರ್ಚಿಯಲ್ಲಿ ಕೂತು ನೊಂದುಕೊಳ್ಳುತ್ತಾನೆ, ಕೇಳಿದವನು ಕೈ ಮುಗಿದು ನಿಂತು ಸಮಾಧಾನ ಮಾಡಬೇಕು. ಇವತ್ತು ಕಂಪನಿಗಳು 'ಜನರಿಗೆ ನಮ್ಮ ಮೇಲೆ ನಂಬಿಕೆ ಹೋಗಿದೆ' ಅಂತ ನೊಂದುಕೊಳ್ಳುವಾಗ ನನಗೆ ಆ ಕುರ್ಚಿ ನೆನಪಾಗುತ್ತದೆ.

ಆದರೂ ಗೌಡನಿಗೂ ಕಂಪನಿಗೂ ಒಂದು ವ್ಯತ್ಯಾಸ ಉಂಟು. ಗೌಡನಿಗೆ ಮೈಯಿತ್ತು, ಮುಖವಿತ್ತು. ತೋಪಿನ ದಾರಿಯಲ್ಲಿ ಎದುರು ಸಿಕ್ಕರೆ ಕಣ್ಣು ತಪ್ಪಿಸಬೇಕಾಗುತ್ತಿತ್ತು. ಕಂಪನಿ ಅಂದರೆ ಯಾರು? ಕಾನೂನಿನ ಕಣ್ಣಿಗೆ ಅದೂ ಒಬ್ಬ ವ್ಯಕ್ತಿ. ಜಮೀನು ಕೊಳ್ಳಬಹುದು, ಸಾಲ ಎತ್ತಬಹುದು, ನಮ್ಮ ನಿಮ್ಮ ಮೇಲೆ ದಾವೆ ಹಾಕಬಹುದು. ಆದರೆ ಜೈಲಿಗೆ ತಳ್ಳೋಣ ಅಂದರೆ ಅದಕ್ಕೆ ಮೈಯಿಲ್ಲ. ಹೆಸರಿನ ಕೊನೆಯಲ್ಲಿ 'ಲಿಮಿಟೆಡ್' ಅಂತ ಇರುತ್ತದಲ್ಲ, ನಮ್ಮೂರಿಗೆ ಬರುವ ಬಸ್ಸಿನ ಮೇಲೂ ಬರೆದಿರುತ್ತದೆ, ಅದರ ಅರ್ಥ ನನಗೆ ತಿಳಿದದ್ದು ಬಿ.ಎ. ಓದುವಾಗ. ಕಂಪನಿ ಮುಳುಗಿದರೆ ಅದರ ಪಾಲುದಾರನ ಹೊಣೆ ಅವನು ಹಾಕಿದ ದುಡ್ಡಿಗೆ ಮಾತ್ರ ಸೀಮಿತ, ಅವನ ಮನೆಮಠಕ್ಕೆ ಯಾರೂ ಕೈಹಾಕುವಂತಿಲ್ಲ ಅಂತ ಅರ್ಥ. ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುತ್ತಿದ್ದ ದೇಶ ಇದು. ನೇಣು ಹಾಕಿಕೊಂಡ ರೈತನ ಹೆಂಡತಿಯ ಬಾಗಿಲಿಗೆ ಹದಿನಾರನೆಯ ದಿನಕ್ಕೆ ಸಾಲದವರು ಬಂದು ನಿಲ್ಲುವ ದೇಶ. ಇಲ್ಲಿ ಬಡವನ ಹೊಣೆಗೆ ಮಿತಿಯಿಲ್ಲ.

ಹೊಣೆಗೇಡಿತನ ಎಂದರೆ ಏನೆಂದು ತಿಳಿಯಲು ಭೋಪಾಲವನ್ನು ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಲವತ್ತು ವರ್ಷ ಆಗಿಹೋದ ಹಳೇ ಕತೆ ಅನ್ನುವವರಿದ್ದಾರೆ. ಅದು ಇನ್ನೂ ಮುಗಿದಿಲ್ಲ, ಅದಕ್ಕೇ ಹೇಳಬೇಕು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 610ನೇ ನಂಬರಿನ ಟ್ಯಾಂಕಿಗೆ ನೀರು ಸೇರಿತು. ಅದರೊಳಗೆ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಇತ್ತು. ಸೆವಿನ್ ಎಂಬ ಕೀಟನಾಶಕ ಮಾಡಲು ಬಳಸುವ ವಿಷ. ಆ ವಿಷವನ್ನು ತಣ್ಣಗೆ ಇಡಬೇಕಿದ್ದ ಯಂತ್ರವನ್ನು ತಿಂಗಳುಗಟ್ಟಲೆ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆಯನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಅನಿಲವನ್ನು ತೊಳೆದು ಬಿಡಬೇಕಿದ್ದ ಇನ್ನೊಂದು ಯಂತ್ರ ಕೆಲಸಕ್ಕೆ ಸಿದ್ಧವಿರಲಿಲ್ಲ. ಖರ್ಚು ಇಳಿಸುವ ಹೆಸರಿನಲ್ಲಿ ಆ ಘಟಕದ ಕೆಲಸಗಾರರ ಸಂಖ್ಯೆಯನ್ನು ಅರ್ಧಕ್ಕೆ ತಂದಿದ್ದರು. ಕಾರ್ಖಾನೆಯ ಗೋಡೆಗೆ ಅಂಟಿಕೊಂಡಂತೆ ಇದ್ದದ್ದು ಜಯಪ್ರಕಾಶ ನಗರ, ಕಾಜಿ ಕ್ಯಾಂಪ್, ಒರಿಯಾ ಬಸ್ತಿ. ಬಡ ಮುಸಲ್ಮಾನರು, ಕೆಳಜಾತಿಯ ಕೂಲಿಗಳು, ಬೀಡಿ ಕಟ್ಟುವ ಹೆಂಗಸರು. ಗಾಳಿ ಮೊದಲು ಹೋದದ್ದು ಅವರ ಕಡೆಗೆ.

ಇಲ್ಲಿ ನಂಬಿಕೆಯ ಪ್ರಶ್ನೆ ಎಲ್ಲಿ ಬಂತು ಅಂತೀರಾ? ಕೇಳಿ. 1981ರ ಡಿಸೆಂಬರಿನಲ್ಲೇ ಆ ಕಾರ್ಖಾನೆಯ ಒಬ್ಬ ಕೆಲಸಗಾರ ಫಾಸ್‌ಜೀನ್ ಅನಿಲ ಕುಡಿದು ಸತ್ತಿದ್ದ. 1982ರಲ್ಲಿ ಅಮೆರಿಕೆಯಿಂದ ಕಂಪನಿಯ ಸ್ವಂತ ತಜ್ಞರೇ ಬಂದು ನೋಡಿ ಅಪಾಯಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದರು. ಅದೇ ವರ್ಷ ರಾಜಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ 'ರಪಟ್' ಎಂಬ ತನ್ನ ಸಣ್ಣ ವಾರಪತ್ರಿಕೆಯಲ್ಲಿ ಈ ಊರು ಜ್ವಾಲಾಮುಖಿಯ ಬಾಯಲ್ಲಿದೆ ಎಂದು ಬರೆದ. ಒಂದು ಸಲವಲ್ಲ, ಮತ್ತೆ ಮತ್ತೆ ಬರೆದ. ಯಾರೂ ಕಿವಿಗೊಡಲಿಲ್ಲ. ನಮ್ಮಂಥ ಸಣ್ಣ ಪತ್ರಿಕೆಗಳನ್ನು ನಡೆಸುವವರು, ಓದುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಎಲ್ಲರೂ ಕಂಪನಿಯನ್ನು ನಂಬಿದ್ದ ಕಾಲದಲ್ಲಿ ಅವನೊಬ್ಬ ನಂಬಲಿಲ್ಲ. ಅಪನಂಬಿಕೆ ಎಂಬುದು ಒಂದು ರೋಗ, ಅದಕ್ಕೆ ಮದ್ದು ಹುಡುಕಬೇಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಭೋಪಾಲದಲ್ಲಿ ಆಗ ಬೇಕಾಗಿದ್ದದ್ದು ಇನ್ನಷ್ಟು ಅಪನಂಬಿಕೆ. ಅದು ಎರಡು ವರ್ಷ ಮೊದಲೇ ಊರಿಗೆಲ್ಲ ಹರಡಿದ್ದರೆ ಸಾವಿರಾರು ಜನ ಬದುಕುತ್ತಿದ್ದರು.

ಸತ್ತವರು ಎಷ್ಟು? ಸರ್ಕಾರ ಪರಿಹಾರ ಕೊಟ್ಟ ಸಾವುಗಳೇ 5,295. ಸಂತ್ರಸ್ತರ ಸಂಘಟನೆಗಳ ಲೆಕ್ಕದಲ್ಲಿ ಇದರ ಎಷ್ಟೋ ಪಟ್ಟು. ಗಾಯಗೊಂಡವರು, ಕಣ್ಣು ಶ್ವಾಸಕೋಶ ಕೆಟ್ಟವರು ಐದೂವರೆ ಲಕ್ಷಕ್ಕೂ ಹೆಚ್ಚು. ಕಂಪನಿಯ ಅಧ್ಯಕ್ಷ ವಾರೆನ್ ಆಂಡರ್‌ಸನ್ ಡಿಸೆಂಬರ್ 7ಕ್ಕೆ ಭೋಪಾಲಕ್ಕೆ ಬಂದ. ಬಂಧಿಸಿದರು. ಅದೇ ದಿನ 25,000 ರೂಪಾಯಿ ಜಾಮೀನಿನ ಮೇಲೆ ಬಿಟ್ಟರು. ರಾಜ್ಯ ಸರ್ಕಾರದ ವಿಮಾನದಲ್ಲಿ ದೆಹಲಿಗೆ ಕಳಿಸಿದರು. ಮತ್ತೆ ಅವನು ಈ ದೇಶದ ಯಾವ ಕೋರ್ಟಿಗೂ ಬರಲಿಲ್ಲ. 2014ರಲ್ಲಿ ಫ್ಲಾರಿಡಾದಲ್ಲಿ ತೊಂಬತ್ತು ದಾಟಿ ತೀರಿಕೊಂಡ. ಇನ್ನೊಂದು 25,000ದ ಕತೆ ಕೇಳಿ. ಭಾರತ ಸರ್ಕಾರ 330 ಕೋಟಿ ಡಾಲರ್ ಕೇಳಿ ದಾವೆ ಹಾಕಿತ್ತು. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿ ಆಯಿತು. ರಾಜಿ ಮಾಡಿಕೊಳ್ಳುವಾಗ ಸಂತ್ರಸ್ತರನ್ನು ಕೇಳಲಿಲ್ಲ. ಅವರ ಪರವಾಗಿ ದಾವೆ ಹೂಡುವ ಹಕ್ಕನ್ನು ಸರ್ಕಾರ 1985ರ ಕಾಯಿದೆಯಿಂದ ತಾನೇ ಎತ್ತಿಕೊಂಡಿತ್ತು, ಪೋಷಕನ ಸ್ಥಾನದಲ್ಲಿ ನಿಂತು. ಹಂಚಿದಾಗ ಬಹುಪಾಲು ಜನಕ್ಕೆ ಸಿಕ್ಕಿದ್ದು ತಲಾ 25,000 ರೂಪಾಯಿ. ಆಂಡರ್‌ಸನ್ನನ ಜಾಮೀನಿನ ಮೊತ್ತ ಮತ್ತು ಒಬ್ಬ ಮನುಷ್ಯನ ಶ್ವಾಸಕೋಶದ ಬೆಲೆ ಒಂದೇ ಆಯಿತು. ನಾನು ಕವಿತೆಗಾಗಿ ಕಟ್ಟಿದ್ದಲ್ಲ ಇದು, ದಾಖಲೆಯಲ್ಲಿದೆ.

ಇನ್ನು ಹೊಣೆ ಹೇಗೆ ಜಾರಿತು ನೋಡಿ. ಅಮೆರಿಕೆಯಲ್ಲಿ ವಿಚಾರಣೆ ಬೇಡ, ಭಾರತದ ಕೋರ್ಟೇ ಸರಿ ಎಂದು ಅಲ್ಲಿಯ ಕಂಪನಿ ವಾದಿಸಿತು. 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಒಪ್ಪಿ ಕಳಿಸಿದರು. ಇಲ್ಲಿ ಬಂದ ಮೇಲೆ, ಕಾರ್ಖಾನೆ ನಡೆಸಿದವರು ಭಾರತದ ಕಂಪನಿ, ನಾವಲ್ಲ ಎಂದರು. ಆ ಭಾರತದ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 50.9 ಪಾಲು ಅವರದೇ. ನೀರು ಸೇರಿದ್ದು ಹೇಗೆ ಎಂದರೆ, ಅಸಮಾಧಾನಗೊಂಡ ಯಾರೋ ಕೆಲಸಗಾರ ಬೇಕೆಂದೇ ಬಿಟ್ಟ ಅಂದರು. ಎಷ್ಟು ಪರಿಚಿತ ಮಾತು! ಕಣದಲ್ಲಿ ರಾಗಿ ಕಡಿಮೆಯಾದರೆ ಮೊದಲು ಬೆನ್ನು ಬಿಚ್ಚಬೇಕಾದವನು ಆಳು. 1994ರಲ್ಲಿ ಪಾಲನ್ನು ಮಾರಿಕೊಂಡು ಹೋದರು, ಇಲ್ಲಿಯ ಕಂಪನಿಯ ಹೆಸರು ಬದಲಾಯಿತು. 2001ರಲ್ಲಿ ಅಲ್ಲಿಯ ಯೂನಿಯನ್ ಕಾರ್ಬೈಡನ್ನು ಡೌ ಕೆಮಿಕಲ್ ಎಂಬ ಇನ್ನೂ ದೊಡ್ಡ ಕಂಪನಿ ಕೊಂಡುಕೊಂಡಿತು. ಆಸ್ತಿ ಬಂತು, ಹೊಣೆ ಬರಲಿಲ್ಲ ಎಂದು ಡೌ ಹೇಳಿತು. ಇಪ್ಪತ್ತೈದೂವರೆ ವರ್ಷಗಳ ನಂತರ, 2010ರ ಜೂನ್ 7ರಂದು, ಭೋಪಾಲದ ಕೋರ್ಟು ಭಾರತದ ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ ಕೊಟ್ಟಿತು. ಅವತ್ತೇ ಜಾಮೀನು. ಪರಿಹಾರ ಕಡಿಮೆಯಾಯಿತು, ಇನ್ನೂ 7,844 ಕೋಟಿ ಕೊಡಿಸಿ ಎಂದು ಸರ್ಕಾರ ಕಡೆಯದಾಗಿ ಹಾಕಿದ ಅರ್ಜಿಯನ್ನು 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ವಜಾ ಮಾಡಿತು.

ಇದರ ಪಕ್ಕದಲ್ಲೇ ಇನ್ನೊಂದು ಕತೆ ಇಟ್ಟು ನೋಡಬೇಕು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರು ಒಂದು ಪತ್ರ ಬರೆದರು. ತಮ್ಮ ಪುಸ್ತಕದ ಲೆಕ್ಕವೆಲ್ಲ ಸುಳ್ಳು, ಸಾವಿರಾರು ಕೋಟಿ ಇಲ್ಲದ್ದನ್ನು ಇದೆ ಎಂದು ತೋರಿಸಿದ್ದೇವೆ ಎಂದು ಒಪ್ಪಿಕೊಂಡರು. ಎರಡೇ ದಿನದಲ್ಲಿ ಬಂಧನ. ವಾರದೊಳಗೆ ಹಳೆಯ ಆಡಳಿತ ಮಂಡಲಿ ಹೋಗಿ ಸರ್ಕಾರ ನೇಮಿಸಿದ ಹೊಸಬರು ಬಂದರು. ಕೆಲವೇ ತಿಂಗಳಲ್ಲಿ ಕಂಪನಿಗೆ ಹೊಸ ಧಣಿ ಸಿಕ್ಕಿದ. 2015ರಲ್ಲಿ ತಪ್ಪಿತಸ್ಥರಿಗೆ ಏಳು ವರ್ಷ ಶಿಕ್ಷೆಯಾಯಿತು. ಆಮೇಲೆ ಜಾಮೀನೂ ಸಿಕ್ಕಿತು, ಅದು ಬೇರೆ ಮಾತು. ಅವತ್ತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಶಬ್ದ 'ನಂಬಿಕೆ'. ಹೂಡಿಕೆದಾರರ ನಂಬಿಕೆ ಅಲುಗಾಡಬಾರದು, ದೇಶದ ಹೆಸರು ಕೆಡಬಾರದು. ಸರ್ಕಾರಕ್ಕೆ ಮನಸ್ಸಿದ್ದರೆ ಎಷ್ಟು ಬೇಗ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಇದು ಸಾಕ್ಷಿ. ಷೇರು ಇಟ್ಟವನ ನಂಬಿಕೆಗೆ ಎರಡು ದಿನ, ಗೋಡೆಯಾಚೆ ಮಲಗಿದ್ದವನ ಪ್ರಾಣಕ್ಕೆ ಇಪ್ಪತ್ತೈದು ವರ್ಷ. ಹಾಗಾದರೆ ಅಪನಂಬಿಕೆಯ ಯುಗ ಎಂಬ ಗೋಳಿನಲ್ಲಿ ಯಾರ ನಂಬಿಕೆಗೆ ಅಳು ಅನ್ನುವುದು ಈಗ ಗೊತ್ತಾಯಿತಲ್ಲ.

ಭೋಪಾಲದಲ್ಲಿ ಹೊಣೆ ಸಾಗರ ದಾಟಿ ಜಾರಿತು. ನಮ್ಮ ಊರುಗಳಲ್ಲಿ ಅದು ಮೇಸ್ತ್ರಿಯ ಕೈಗೆ ಜಾರುತ್ತದೆ. ಅಪಾರ್ಟ್‌ಮೆಂಟಿನ ಮಲದ ಗುಂಡಿಗೆ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ಅಪಾರ್ಟ್‌ಮೆಂಟಿನವರು ನಿರ್ವಹಣೆಯ ಕಂಪನಿ ಕಡೆಗೆ ಕೈ ತೋರಿಸುತ್ತಾರೆ, ಅವರು ಗುತ್ತಿಗೆದಾರನ ಕಡೆಗೆ, ಅವನು ಒಳಗುತ್ತಿಗೆಯವನ ಕಡೆಗೆ. ಕೊನೆಗೆ ಸಿಕ್ಕಿಬೀಳುವ ಮೇಸ್ತ್ರಿ ಸತ್ತವನ ಜಾತಿಯವನೇ, ಎಷ್ಟೋ ಸಲ ಅವನ ನೆಂಟನೇ. 2013ರ ಕಾಯಿದೆ ಮನುಷ್ಯರನ್ನು ಹಾಗೆ ಇಳಿಸುವುದನ್ನೇ ನಿಷೇಧಿಸಿದೆ. ಸತ್ತರೆ 10 ಲಕ್ಷ ಕೊಡಬೇಕೆಂದು 2014ರಲ್ಲಿ, 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗುಂಡಿಗೆ ಇಳಿಸುವ ಕೈ ಮಾತ್ರ ಇನ್ನೂ ಕಾಣಿಸುತ್ತಿಲ್ಲ. ಗುತ್ತಿಗೆ ಎಂಬುದು ಕೆಲಸ ಹಂಚುವ ಏರ್ಪಾಡು ಅಂತ ಹೇಳುತ್ತಾರೆ. ಕೆಲಸ ಮೊದಲೂ ನಮ್ಮ ಕೈಯಲ್ಲೇ ಇತ್ತು. ಗುತ್ತಿಗೆಯಿಂದ ಹೊಸದಾಗಿ ನಮ್ಮ ಪಾಲಿಗೆ ಬಂದದ್ದು ಕೇಸು.

ಈಗ ಕಂಪನಿಗಳ ಸಾಮಾಜಿಕ ಹೊಣೆಯ ವಿಷಯ. 2013ರ ಕಂಪನಿ ಕಾಯಿದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಭಾಗವನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮ ಹಳ್ಳಿಶಾಲೆಗಳ ಮೇಷ್ಟ್ರುಗಳಿಗೆ ಇದು ಗೊತ್ತು. ಬೆಂಚು ಬರುತ್ತದೆ, ಕಂಪ್ಯೂಟರ್ ಬರುತ್ತದೆ, ಶೌಚಾಲಯದ ಗೋಡೆಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆ ಬೆಂಚಿನ ಮೇಲೆ ಕೂರುವವರು ನಮ್ಮ ಮಕ್ಕಳೇ. ಆದರೆ ಹೊಣೆ ಎಂಬ ಶಬ್ದವನ್ನು ದಾನಕ್ಕೆ ಬಳಸಬೇಡಿ ಎಂದು ಜಗಳ ಮಾಡಬೇಕಾಗಿದೆ. ದಾನದಲ್ಲಿ ಯಾರಿಗೆ, ಎಷ್ಟು, ಯಾವಾಗ ಎಂದು ಕೊಡುವವನು ತೀರ್ಮಾನಿಸುತ್ತಾನೆ. ಹೊಣೆಯಲ್ಲಿ ಕೇಳುವವನು ಕೇಳುತ್ತಾನೆ, ಅವನಿಗೆ ಉತ್ತರ ಕೊಡಲೇಬೇಕು. ಎರಡು ಭಾಗ ಎಲ್ಲಿ ಖರ್ಚಾಯಿತು ಎಂದು ಫೋಟೋ ಸಮೇತ ಪುಸ್ತಕ ಹಾಕುತ್ತಾರೆ. ಉಳಿದ ತೊಂಬತ್ತೆಂಟು ಭಾಗ ಯಾರ ನೀರಿನಿಂದ, ಯಾರ ನೆಲದಿಂದ, ಯಾರ ಬೆವರಿನಿಂದ ಬಂತು? ಅದಕ್ಕೆ ಫೋಟೋ ಇಲ್ಲ. ಭೋಪಾಲದಲ್ಲೂ ಒಂದು ದೊಡ್ಡ ಆಸ್ಪತ್ರೆ ಇದೆ. ಕೋರ್ಟು ಜಪ್ತಿ ಮಾಡಿದ ಕಾರ್ಬೈಡಿನ ಷೇರು ಮಾರಿ ಬಂದ ಹಣದಿಂದ ಕಟ್ಟಿದ್ದು. ಜಪ್ತಿಯಿಂದ ಬಂದದ್ದು ಅನ್ನುವುದನ್ನು ಮರೆತರೆ ಅದೂ ಯಾರೋ ಪುಣ್ಯಾತ್ಮರ ಧರ್ಮಾಸ್ಪತ್ರೆಯ ಹಾಗೆ ಕಾಣುತ್ತದೆ.

ದಾನವನ್ನೇ ಹೊಣೆ ಎನ್ನುವ ವಿಚಾರ ಹೊಸದೇನಲ್ಲ. ಗಾಂಧೀಜಿ ಧರ್ಮದರ್ಶಿತ್ವ ಅಂದರು. ಶ್ರೀಮಂತ ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಅಂದರು. ಅವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಧರ್ಮದರ್ಶಿ ಧರ್ಮ ಬಿಟ್ಟರೆ ಅವನನ್ನು ಕೆಳಗಿಳಿಸುವ ಅಧಿಕಾರ ಯಾರಿಗೆ ಎಂದು ಕೇಳಿದರೆ ಮತ್ತೆ ಅವನ ಅಂತಃಕರಣಕ್ಕೇ ಬಂದು ನಿಲ್ಲುತ್ತೇವೆ. ಬಾಬಾಸಾಹೇಬರು ಬೇರೆ ದಾರಿ ಹಿಡಿದರು. 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಗಿರಣಿ ಮಾಲೀಕರ ಅಂತಃಕರಣಕ್ಕೆ ಅರ್ಜಿ ಬರೆಯಲಿಲ್ಲ. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ಮಾಲೀಕ ಒಳ್ಳೆಯವನಿರಲಿ ಕೆಟ್ಟವನಿರಲಿ, ಗಡಿಯಾರ ಒಂದೇ. ಇದನ್ನು ಅಪನಂಬಿಕೆ ಅನ್ನುವಿರಾದರೆ ಅನ್ನಿ. ನಮ್ಮ ಪಾಲಿಗೆ ಸಂವಿಧಾನದ 17ನೇ ವಿಧಿಯೂ ಅಂಥದೇ ಅಪನಂಬಿಕೆಯಿಂದ ಹುಟ್ಟಿದ್ದು. ಊರಿನವರು ಒಂದು ದಿನ ತಾವಾಗಿಯೇ ಬಾವಿ ಬಿಟ್ಟುಕೊಡುತ್ತಾರೆ ಎಂದು ನಂಬಿ ಕೂತಿದ್ದರೆ ನಾವು ಇವತ್ತಿಗೂ ಬಾವಿಕಟ್ಟೆಯ ಕೆಳಗೆ ಬೊಗಸೆ ಒಡ್ಡಿಕೊಂಡೇ ಇರುತ್ತಿದ್ದೆವು.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲೂ ಇದನ್ನೇ ಕಾಣಬಹುದು. ಪರದೇಶದ ಬ್ರಾಂಡುಗಳ ನೀತಿಸಂಹಿತೆಯನ್ನು ಕನ್ನಡದಲ್ಲೇ ಬರೆಸಿ ಗೋಡೆಗೆ ಹಾಕಿರುತ್ತಾರೆ. 2020ರ ಏಪ್ರಿಲಿನಿಂದ ಸಿಗಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಲಕ್ಷಾಂತರ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಗೋಡೆಯ ಮೇಲಿನ ನೀತಿ ಅಲ್ಲೇ ಇತ್ತು. ಯೂನಿಯನ್ನುಗಳು ಕೋರ್ಟು ಹತ್ತಿ, ಬ್ರಾಂಡುಗಳ ಮಾನ ಅವುಗಳ ದೇಶದಲ್ಲೇ ಹರಾಜಾಗತೊಡಗಿದ ಮೇಲೆ, ಸುಮಾರು ಎರಡು ವರ್ಷ ಕಳೆದು ಬಾಕಿ ಬರತೊಡಗಿತು.

ಲೆಕ್ಕ ಕೇಳುವುದು ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ಒಂದು ಪಾಠ ಉಂಟು. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿತು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವ ಯೋಜನೆ. ಪಾಳು ನೆಲ ಹಸಿರಾಗುತ್ತದೆ, ನಂಬಿ ಅಂದರು. ಕಾಗದದ ಮೇಲೆ ಅದು ಪಾಳು ನೆಲ. ಭೂಮಿ ಇಲ್ಲದವನ ಆಡು ಮೇಯುವುದು ಅಲ್ಲೇ, ಅವನ ಹೆಂಡತಿ ಸೌದೆ ಆಯುವುದು ಅಲ್ಲೇ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಅಂದರೆ ಅದೇ. ಸಮಾಜ ಪರಿವರ್ತನ ಸಮುದಾಯದವರು ಜೊತೆಗಿದ್ದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಸಹಿ ಹಾಕಿದರು. 1991ಕ್ಕೆ ಆ ಕಂಪನಿ ಮುಚ್ಚಿತು. ಕಂಪನಿಯ ಒಳ್ಳೆಯತನ ಪರೀಕ್ಷಿಸುತ್ತ ಕೂರದೆ, ನೆಲ ಯಾರದು ತೋರಿಸಿ ಎಂದು ಹಾರೆ ಹಿಡಿದು ಕೇಳಿದ್ದರಿಂದ ಇದಾಯಿತು.

ಇಷ್ಟು ಓದಿ ಯಾರಾದರೂ ಕೇಳಬಹುದು: ನಂಬಿಕೆಯೇ ಬೇಡ ಅಂತೀಯಾ? ನಂಬಿಕೆಯಿಲ್ಲದೆ ಮನುಷ್ಯರು ಕೂಡಿ ಬಾಳುವುದು ಹೇಗಪ್ಪಾ? ಪ್ರಶ್ನೆ ನ್ಯಾಯವಾದದ್ದು. ನನ್ನ ಕೇರಿಯಲ್ಲೇ ಮುಯ್ಯಾಳು ಅನ್ನುವ ಪದ್ಧತಿ ಇತ್ತು. ಇವತ್ತು ನಿನ್ನ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಆದರೂ ಎಷ್ಟು ಆಳು ಬಂದಿದ್ದರು, ಎಷ್ಟು ಹೊತ್ತು ದುಡಿದರು ಅನ್ನುವುದನ್ನು ಪ್ರತಿ ಮನೆಯ ಹೆಂಗಸೂ ಬಾಯಿಪಾಠ ಹೇಳುತ್ತಿದ್ದಳು. ಒಬ್ಬರು ಅರ್ಧ ದಿನ ತಪ್ಪಿಸಿದರೂ ನೀರಿನ ಹತ್ತಿರ ಜಗಳ ಆಗುತ್ತಿತ್ತು. ಜಗಳ ಆಗಬಹುದು ಅನ್ನುವುದರಿಂದಲೇ ಆ ನಂಬಿಕೆ ಉಳಿದಿತ್ತು. ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ದಿನದಂತೆ ಅಕ್ಕಿ ಆಯ್ದು ತರಲು ಹೋದ ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ಇದು ನಮಗೆ ಸಲ್ಲದು, ವಾಪಸು ಸುರಿದು ಬಾ ಎಂದು ಕಳಿಸಿದವಳು ಆ ಬಡವಿ. ಅವಳಿಗೆ ಗಂಡನ ಮೇಲೆ ಪ್ರೀತಿಯಿತ್ತು. ಪ್ರೀತಿಯಿದೆ ಅಂತ ಲೆಕ್ಕ ಕೇಳುವುದನ್ನು ಬಿಡಲಿಲ್ಲ. ಸಮಾನರ ನಡುವೆ ಲೆಕ್ಕ ಕೇಳಿದರೆ ಅವಮಾನವಾಗುವುದಿಲ್ಲ. ಮೇಲೆ ಕೂತವನಿಗೆ ಮಾತ್ರ ಅದು ಅವಮಾನ. ಆದ್ದರಿಂದ ಒಬ್ಬ ಧಣಿಯೋ ಒಂದು ಕಂಪನಿಯೋ ನಂಬಿಕೆಗೆ ಯೋಗ್ಯ ಹೌದೋ ಅಲ್ಲವೋ ಎಂದು ನೋಡಲು ನನಗೆ ಒಂದೇ ಅಳತೆಗೋಲು ಸಿಕ್ಕಿದೆ. ಅದರಿಂದ ನೊಂದವನು ಹೋಗಿ 'ಪುಸ್ತಕ ತೆಗಿ' ಅಂದಾಗ ಏನಾಗುತ್ತದೆ?

ಈ ಅಳತೆಗೋಲನ್ನು ನಮ್ಮವರ ಮೇಲೂ ಇಡಬೇಕು. ಸರ್ಕಾರದ ಕಂಪನಿಯಾದರೆ ಸಾಲದು. ಬ್ರಿಟಿಷರ ಕೈಯಿಂದ ಸರ್ಕಾರದ ಕೈಗೆ ಬಂದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ, ಕೆಲಸ ಕಳೆದುಕೊಂಡ ದಲಿತ ಕುಟುಂಬಗಳಿಗೆ ಉಳಿದದ್ದು ಕಲ್ಲುಧೂಳು ತುಂಬಿದ ಎದೆ ಮತ್ತು ಸೈನೈಡ್ ಮಣ್ಣಿನ ದಿಬ್ಬ. ನಮ್ಮ ಸಂಘ ಸಂಸ್ಥೆಗಳೂ ಅಷ್ಟೆ. ಜಯಂತಿಗೆ ಎತ್ತಿದ ಚಂದಾ ಎಷ್ಟು, ಖರ್ಚೆಷ್ಟು ಎಂದು ಕೇಳಿದ ಹುಡುಗನಿಗೆ 'ಏನಪ್ಪಾ, ನಾಯಕರ ಮೇಲೆ ನಂಬಿಕೆ ಇಲ್ವಾ?' ಅಂದದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೇನೆ. ಗೌಡರ ಕುರ್ಚಿ ಎಲ್ಲಿಗೆ ಬೇಕಾದರೂ ನಡೆದುಕೊಂಡು ಬರುತ್ತದೆ.

ಭೋಪಾಲದ ಹೆಂಗಸರು ಲೆಕ್ಕ ಕೇಳುವುದನ್ನು ಬಿಡಲಿಲ್ಲ. ರಶೀದಾ ಬೀ, ಚಂಪಾದೇವಿ ಶುಕ್ಲಾ ಎಂಬಿಬ್ಬರು, ಒಬ್ಬರು ಮುಸ್ಲಿಂ ಒಬ್ಬರು ಹಿಂದೂ, ಅನಿಲದಲ್ಲಿ ಮನೆಯವರನ್ನು ಕಳೆದುಕೊಂಡವರು. ಭೋಪಾಲದಿಂದ ದೆಹಲಿಗೆ ನಡೆದುಕೊಂಡೇ ಹೋದವರು. 2002ರಲ್ಲಿ ಸಂತ್ರಸ್ತ ಹೆಂಗಸರು ಪೊರಕೆ ಹಿಡಿದು ಡೌ ಕಂಪನಿಯ ಬಾಗಿಲಿಗೆ ಹೋದರು. 'ಝಾಡೂ ಮಾರೋ ಡೌ ಕೋ' ಎಂಬುದು ಆ ಚಳವಳಿಯ ಹೆಸರು. ನಿಮ್ಮ ಕಸ ನೀವು ಗುಡಿಸಿ ಅನ್ನುವ ಮಾತು ಅದರಲ್ಲಿದೆ, ಗುಡಿಸದಿದ್ದರೆ ಪೊರಕೆಯಲ್ಲಿ ಬೀಳುತ್ತದೆ ಅನ್ನುವ ಮಾತೂ ಇದೆ. ಸಾವಿರಾರು ವರ್ಷ ಬೇರೆಯವರ ಕಸ ಗುಡಿಸಿದ ಜಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಸವನ್ನು ಕಂಪನಿ ಗುಡಿಸಲಿಲ್ಲ. 2025ರ ಜನವರಿ 1ರ ರಾತ್ರಿ ಕಾರ್ಖಾನೆಯ ಶೆಡ್ಡಿನಲ್ಲಿದ್ದ 337 ಟನ್ ವಿಷದ ಕಸವನ್ನು ಕಂಟೇನರುಗಳಿಗೆ ತುಂಬಿ, ಪೊಲೀಸ್ ಕಾವಲಿನಲ್ಲಿ ಪೀಥಾಂಪುರಕ್ಕೆ ಸಾಗಿಸಿದರು. ಸಾಗಿಸಿದ್ದು ಸರ್ಕಾರದ ದುಡ್ಡಿನಲ್ಲಿ. ಹೈಕೋರ್ಟಿನ ಆದೇಶದಂತೆ ಸುಡುವುದು ಆ ವರ್ಷದ ನಡುವಿನಲ್ಲಿ ಮುಗಿಯಿತು. ಕಾರ್ಖಾನೆಯ ಸುತ್ತಲಿನ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಸೇರಿಹೋದದ್ದು ಈ 337 ಟನ್ನಿನ ಲೆಕ್ಕಕ್ಕೆ ಬರಲೇ ಇಲ್ಲ. ಕಂಟೇನರುಗಳು ಬಂದಾಗ ಪೀಥಾಂಪುರದಲ್ಲಿ ಬಂದ್ ಆಯಿತು, ಕಲ್ಲು ತೂರಾಟ ಆಯಿತು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ಇದರಲ್ಲಿ ಅಪಾಯವಿಲ್ಲ, ತಜ್ಞರು ಪರೀಕ್ಷೆ ಮಾಡಿದ್ದಾರೆ, ನಂಬಿ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಸುಟ್ಟ ಮೇಲೆ ಉಳಿಯುವ ಬೂದಿಯನ್ನು ಎಲ್ಲಿ ಹೂಳುತ್ತೀರಿ ಎಂದು ಜನ ಕೇಳಿದರು.